ಹಾಲಿಗೆ ಫ್ಯಾಟ್ ನೋಡ್ತಾರೆ, ಅರಿಶಿನಕ್ಕೆ ಯಾಕೆ ಏನೂ ನೋಡಲ್ಲ?

ಹೋದ ತಿಂಗಳು ಒಂದು ದಿನ ಬೆಳಿಗ್ಗೆ ಆರೂವರೆಗೆ ಫೋನ್ ಬಂತು. ಆ ಕಡೆ ಇದ್ದವರು ನಮ್ಮ ಚಾಮರಾಜನಗರ ಜಿಲ್ಲೆಯ ಒಂದು ಹಳ್ಳಿಯ ಅರಿಶಿನ ಬೆಳೆಗಾರರು. ದನಿ ಕೇಳಿದರೆ ಅರವತ್ತು ದಾಟಿದವರು ಅನ್ನಿಸಿತು.

"ಪೇಪರಿನೋರಾ? ಅರಿಶಿನದಿಂದ ಔಷಧಿ ಸಾರನ ಆಯಸ್ಕಾಂತದಲ್ಲಿ ಎಳೀತಾರೆ ಅಂತ ಬರ್ದಿದ್ರಲ್ಲ, ಆ ಮಿಷನ್ನು ಎಲ್ಲಿ ಸಿಕ್ತದೆ? ನಮ್ಮ ಸಂಘದಲ್ಲಿ ಹನ್ನೆರಡು ಜನ ಇದೀವಿ. ತಲಾ ಇಷ್ಟು ಅಂತ ಹಾಕಿ ತಕ್ಕೊಳ್ಳದು ಅಂತ ಮಾತಾಡ್ಕೊಂಡಿವಿ."

ಒಂದು ಕ್ಷಣ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವರೇ ಮುಂದುವರಿಸಿದರು. "ಯಾರೋ ಒಬ್ರು ಕಾರಲ್ಲಿ ಬಂದಿದ್ರು. ಅಡ್ವಾನ್ಸ್ ಕೊಟ್ರೆ ಮಿಷನ್ ತರಿಸಿಕೊಡ್ತೀನಿ ಅಂದ್ರು. ನೀವು ಬರೆದಿದ್ದ ಪೇಪರ್ ಕಟಿಂಗ್ ಫೋನಲ್ಲಿ ತೋರ್ಸುದ್ರು."

ಆಗ ನನಗೆ ನಿಜಕ್ಕೂ ಭಯ ಆಯಿತು.

ನಾನು ಬರೆದಿದ್ದು ಎಂಟು ಸಾಲಿನ ಸುದ್ದಿ. ಇಂಗ್ಲಿಷಿನಲ್ಲಿ ಬಂದ ಒಂದು ಪ್ರಕಟಣೆಯನ್ನು ಅವಸರದಲ್ಲಿ ಕನ್ನಡ ಮಾಡಿ ಕಳಿಸಿದ್ದೆ. ಸುದ್ದಿಗೆ ಇಷ್ಟು ಅಂತ ಲೆಕ್ಕ ಹಾಕಿ ದುಡ್ಡು ಪಡೆಯುವ ಸ್ಟ್ರಿಂಗರ್ ನಾನು, ಅವತ್ತು ಅದು ಮೂರನೇ ಸುದ್ದಿ. ತಲೆಬರಹಕ್ಕೆ "ಅರಿಶಿನ ಬೆಳೆಗಾರರಿಗೆ ವರದಾನ" ಅಂತ ಕೊಟ್ಟೆ. ಆ "ವರದಾನ" ಅನ್ನೋ ಪದ ಯಾವ ವಿಜ್ಞಾನಿಯದ್ದೂ ಅಲ್ಲ, ನನ್ನದು. ಅದೇ ಪದ ತೋರಿಸಿ ಇನ್ಯಾರೋ ಹನ್ನೆರಡು ಮನೆಯವರ ದುಡ್ಡು ಕೇಳುತ್ತಿದ್ದಾರೆ.

ಅದಕ್ಕೇ ಈ ಬರಹ. ಅರ್ಧ ತಿದ್ದುಪಡಿ, ಅರ್ಧ ನನ್ನ ಅಭಿಪ್ರಾಯ. ಮೊದಲೇ ಹೇಳಿಬಿಡುತ್ತೇನೆ: ಆಯಸ್ಕಾಂತದ ವಿಜ್ಞಾನ ಸುಳ್ಳಲ್ಲ. ಆದರೆ ಅದರಿಂದ ನಮ್ಮ ಊರಿಗೆ ಬೇಗ ಆಗಬಹುದಾದ ಉಪಕಾರ ಸಾರ ತೆಗೆಯುವುದರಲ್ಲಿ ಇಲ್ಲ, ಅಳೆಯುವುದರಲ್ಲಿದೆ.

ಅರಿಶಿನದಲ್ಲಿ ಅಂಥದ್ದೇನಿದೆ

ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಅಂಶದ ಹೆಸರು ಕರ್ಕುಮಿನ್. ಅದರ ಜೊತೆಗೆ ಅದರ ಅಣ್ಣತಮ್ಮಂದಿರಂಥ ಇನ್ನೆರಡು ಅಂಶಗಳಿವೆ, ಮೂರನ್ನೂ ಸೇರಿಸಿಯೇ ಲೆಕ್ಕ ಹಾಕುತ್ತಾರೆ. ಯುರೋಪಿನ ರಸಾಯನ ತಜ್ಞರು ಇದನ್ನು ಅರಿಶಿನದಿಂದ ಬೇರೆ ಮಾಡಿದ್ದು 1815ರಲ್ಲಿ. ಅದರ ಒಳರಚನೆ ಏನು ಅಂತ ತಿಳಿದದ್ದು 1910ರಲ್ಲಿ. ಅಂದರೆ ಇದು ನಿನ್ನೆ ಮೊನ್ನೆ ಕಂಡ ವಿಷಯ ಅಲ್ಲ.

ಅದರ ಗುಣ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು, ಹೆಸರು ಗೊತ್ತಿಲ್ಲ ಅಷ್ಟೆ. ಆರತಿ ತಟ್ಟೆಯ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಹಾಗೆ ಬಣ್ಣ ಬದಲಿಸುವುದು ಈ ಕರ್ಕುಮಿನ್ನೇ. ಬಿಳಿ ಅಂಗಿಗೆ ಅರಿಶಿನ ಬಿದ್ದರೆ ನೀರಲ್ಲಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಯಾಕೆಂದರೆ ಅದು ನೀರಿನಲ್ಲಿ ಕರಗುವುದಿಲ್ಲ. ಅದೇ ಅಂಗಿಯನ್ನು ಬಿಸಿಲಿಗೆ ಹರವಿದರೆ ಕಲೆ ಮಂಕಾಗುತ್ತದೆ, ಯಾಕೆಂದರೆ ಬೆಳಕಿಗೆ ಅದು ಒಡೆದುಹೋಗುತ್ತದೆ. ನಮ್ಮ ಅವ್ವಂದಿರು ಇದನ್ನೆಲ್ಲ ಪುಸ್ತಕ ಓದದೆ ಕಂಡುಕೊಂಡವರು.

ಒಣಗಿದ ಅರಿಶಿನದಲ್ಲಿ ಕರ್ಕುಮಿನ್ ಇರುವುದು ಸಾಮಾನ್ಯವಾಗಿ ನೂರಕ್ಕೆ 2ರಿಂದ 5. ಕೋಳಿಕ್ಕೋಡಿನ ಸಾಂಬಾರ ಬೆಳೆ ಸಂಶೋಧನಾ ಸಂಸ್ಥೆಯ 'ಪ್ರತಿಭಾ' ತಳಿಯಲ್ಲಿ 6ರ ಆಸುಪಾಸು, ಮೇಘಾಲಯದ ಲಕಾಡಾಂಗ್ ಅರಿಶಿನದಲ್ಲಿ 7ರ ಆಸುಪಾಸು. ಉಳಿದದ್ದೆಲ್ಲ ಪಿಷ್ಟ, ನಾರು, ಎಣ್ಣೆ, ಒಂದಿಷ್ಟು ತೇವ.

ಈ 2, 5, 7 ಅನ್ನೋ ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಇವೇ ಮುಖ್ಯ.

ಆಯಸ್ಕಾಂತ ಮಾಡುವ ಕೆಲಸ

ಕಬ್ಬಿಣದ ಎರಡು ಬಗೆಯ ಲವಣವನ್ನು ನೀರಿನಲ್ಲಿ ಕರಗಿಸಿ ಅಮೋನಿಯಾ ಹಾಕಿದರೆ ಕಪ್ಪು ಪುಡಿ ಹುಟ್ಟುತ್ತದೆ. ಅದರ ಹೆಸರು ಮ್ಯಾಗ್ನೆಟೈಟ್. ನಮ್ಮ ಕುದುರೆಮುಖದಲ್ಲಿ ಅಗೆಯುತ್ತಿದ್ದ ಅದಿರೂ ಇದೇ ಜಾತಿ. ಆದರೆ ಲ್ಯಾಬಿನಲ್ಲಿ ಮಾಡುವ ಪುಡಿಯ ಕಣ ತೀರಾ ಚಿಕ್ಕದು, ಹತ್ತಿಪ್ಪತ್ತು ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್.

ಇಷ್ಟು ಚಿಕ್ಕದಾದಾಗ ಒಂದು ವಿಶೇಷ ಗುಣ ಬರುತ್ತದೆ. ಹತ್ತಿರ ಆಯಸ್ಕಾಂತ ಇದ್ದರೆ ಮಾತ್ರ ಕಣಗಳು ಅದರ ಕಡೆ ಓಡುತ್ತವೆ. ಆಯಸ್ಕಾಂತ ತೆಗೆದರೆ ಒಂದಕ್ಕೊಂದು ಅಂಟಿಕೊಳ್ಳದೆ ಮತ್ತೆ ನೀರಿನಲ್ಲಿ ಹರಡಿಕೊಳ್ಳುತ್ತವೆ. ಈ ಕಣಗಳ ಮೇಲೆ ತೆಳ್ಳಗೆ ಒಂದು ಲೇಪ ಕೊಡುತ್ತಾರೆ. ಯಾವ ಅಂಶ ಬೇಕೋ ಅದನ್ನು ಹಿಡಿದುಕೊಳ್ಳುವಂಥ ಲೇಪ.

ಇನ್ನು ಕೆಲಸ ಹೀಗೆ. ಅರಿಶಿನದ ಪುಡಿಯನ್ನು ಆಲ್ಕೋಹಾಲಿನಂಥ ದ್ರವದಲ್ಲಿ ನೆನೆಸುತ್ತಾರೆ. ಕರ್ಕುಮಿನ್, ಎಣ್ಣೆ, ಅಂಟು ಎಲ್ಲ ದ್ರವಕ್ಕೆ ಬಿಡುತ್ತದೆ. ಸೋಸಿ, ತಿಳಿ ಮಾಡಿ, ಕಪ್ಪು ಪುಡಿ ಹಾಕಿ ಕುಲುಕುತ್ತಾರೆ. ಕಣಗಳ ಮೇಲೆ ಕರ್ಕುಮಿನ್ ಹೋಗಿ ಕೂರುತ್ತದೆ. ಪಾತ್ರೆಯ ಹೊರಗಿನಿಂದ ಆಯಸ್ಕಾಂತ ಹಿಡಿದರೆ ಕಪ್ಪು ಪುಡಿಯೆಲ್ಲ ಗೋಡೆಗೆ ಅಂಟುತ್ತದೆ, ಉಳಿದ ದ್ರವ ಚೆಲ್ಲಬಹುದು. ಆಮೇಲೆ ಬೇರೆ ದ್ರವ ಹಾಕಿ ಕುಲುಕಿದರೆ ಕರ್ಕುಮಿನ್ ಬಿಟ್ಟುಕೊಡುತ್ತದೆ. ಮತ್ತೆ ಆಯಸ್ಕಾಂತ ಹಿಡಿದು ಹಳದಿ ದ್ರವವನ್ನು ಮಾತ್ರ ಬಗ್ಗಿಸಿಕೊಳ್ಳುತ್ತಾರೆ. ಕಪ್ಪು ಪುಡಿಯನ್ನು ತೊಳೆದು ಇನ್ನೂ ಕೆಲವು ಸಲ ಬಳಸಬಹುದು.

ಅಕ್ಕಿಯಲ್ಲಿ ಕಲ್ಲು ಆರಿಸುವುದಕ್ಕೆ ಹೋಲಿಸಿ ನೋಡಿ. ನಾವು ಬೇಡದ್ದನ್ನು ಆರಿಸಿ ತೆಗೆಯುತ್ತೇವೆ. ಇಲ್ಲಿ ಬೇಕಾದ್ದನ್ನೇ ಆರಿಸಿ ತೆಗೆಯುತ್ತಾರೆ. ಇದು ಚೆಂದದ ವಿದ್ಯೆ, ಅದರಲ್ಲಿ ಅನುಮಾನ ಇಲ್ಲ.

ಆ ಎಂಟು ಸಾಲಿನಲ್ಲಿ ನಾನು ಬರೆಯದೆ ಬಿಟ್ಟದ್ದು

ಒಂದನೆಯದು. ಆಯಸ್ಕಾಂತ ಬಂತು ಅಂದರೆ ರಾಸಾಯನಿಕ ದ್ರವ ಬೇಡ ಅಂತ ಅರ್ಥ ಅಲ್ಲ. ಅರಿಶಿನದ ಒಳಗಿನಿಂದ ಕರ್ಕುಮಿನ್ ಹೊರಗೆ ಬರಬೇಕಾದರೆ ಆಲ್ಕೋಹಾಲೋ ಆಸಿಟೋನೋ ಬೇಕೇ ಬೇಕು. ಇವು ಬೆಂಕಿ ಹತ್ತುವ ಪದಾರ್ಥ. ಮನೆ ಹಿಂದಿನ ಶೆಡ್ಡಿನಲ್ಲಿ ಡ್ರಮ್ಮುಗಟ್ಟಲೆ ಇಟ್ಟುಕೊಂಡು ಮಾಡುವ ಕೆಲಸ ಅಲ್ಲ ಇದು. ಮಾಡಿದ ಸಾರದಲ್ಲಿ ದ್ರವದ ಅಂಶ ಉಳಿಯಬಾರದು ಅಂತಲೂ ಕಟ್ಟುನಿಟ್ಟು ಇದೆ. ಅಮೆರಿಕದ ನಿಯಮದ ಪ್ರಕಾರ ಸಾಂಬಾರ ಪದಾರ್ಥಗಳ ಸಾರದಲ್ಲಿ ಆಸಿಟೋನ್ ಉಳಿಯಬಹುದಾದದ್ದು ಹತ್ತು ಲಕ್ಷ ಪಾಲಿಗೆ 30 ಪಾಲು ಮಾತ್ರ. ಅಷ್ಟು ಸೂಕ್ಷ್ಮವಾಗಿ ಅಳೆಯುವ ಲ್ಯಾಬು ಯಾವ ಸಂಘದ ಹತ್ತಿರ ಇದೆ?

ಎರಡನೆಯದು, ಪ್ರಮಾಣ. ಒಂದು ಗ್ರಾಂ ಕಪ್ಪು ಪುಡಿ ಒಂದು ಸಲಕ್ಕೆ 100 ಮಿಲಿಗ್ರಾಂ ಕರ್ಕುಮಿನ್ ಹಿಡಿಯುತ್ತದೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಒಂದು ಕ್ವಿಂಟಾಲ್ ಒಣ ಅರಿಶಿನದಲ್ಲಿ ನೂರಕ್ಕೆ 3ರಂತೆ 3 ಕೆಜಿ ಕರ್ಕುಮಿನ್ ಇದೆ. ಅಷ್ಟನ್ನೂ ಒಂದೇ ಸಲ ಹಿಡಿಯಬೇಕಾದರೆ 30 ಕೆಜಿ ನ್ಯಾನೋ ಪುಡಿ ಬೇಕು. ಒಂದೇ ಕ್ವಿಂಟಾಲಿಗೆ! ಸಂಶೋಧನೆಗಳಲ್ಲಿ ಬಳಸುವುದು ಮಿಲಿಗ್ರಾಂ ಲೆಕ್ಕದಲ್ಲಿ, ಚಿಕ್ಕ ಗಾಜಿನ ನಳಿಕೆಯಲ್ಲಿ. ನಳಿಕೆಯಿಂದ ಲಾರಿಗೆ ಬರುವ ದಾರಿ ಬಹಳ ಉದ್ದ.

ಮೂರನೆಯದು. ಈಗಿರುವ ಫ್ಯಾಕ್ಟರಿಗಳು ಇದಕ್ಕೆ ಆಯಸ್ಕಾಂತಕ್ಕಾಗಿ ಕಾದು ಕೂತಿಲ್ಲ. ಕೇರಳದ ಕೊಚ್ಚಿ ಸುತ್ತಮುತ್ತ ದಶಕಗಳಿಂದ ಈ ಉದ್ಯಮ ಇದೆ. ಅರಿಶಿನವನ್ನು ದ್ರವದಲ್ಲಿ ನೆನೆಸಿ, ದ್ರವ ಆವಿ ಮಾಡಿ, ಉಳಿದ ಗಟ್ಟಿ ಸಾರವನ್ನು ತಣ್ಣಗೆ ಮಾಡಿ ಹರಳು ಕಟ್ಟಿಸಿ ನೂರಕ್ಕೆ 95 ಶುದ್ಧ ಇರುವ ಕರ್ಕುಮಿನ್ ತೆಗೆಯುತ್ತಾರೆ. ಟನ್ನುಗಟ್ಟಲೆ. ಬಳಸಿದ ದ್ರವವನ್ನೂ ಮತ್ತೆ ಹಿಡಿದು ಬಳಸುತ್ತಾರೆ. ಅವರ ಎದುರು ಹನ್ನೆರಡು ಜನ ಸೇರಿ ಕೊಂಡ ಒಂದು ಮಿಷನ್ ನಿಲ್ಲುತ್ತದೆಯೇ? ನಾನಂತೂ ನಂಬುವುದಿಲ್ಲ.

ಶುದ್ಧ ಅಂದ ಮಾತ್ರಕ್ಕೆ ಒಳ್ಳೆಯದಲ್ಲ

ಆ 95 ಶುದ್ಧ ಇರುವ ಪುಡಿ ಕ್ಯಾಪ್ಸೂಲಾಗಿ ನಮ್ಮ ತಾಲ್ಲೂಕಿನ ಮೆಡಿಕಲ್ ಶಾಪಿಗೇ ವಾಪಸ್ ಬರುತ್ತದೆ. ಮಂಡಿನೋವಿಗೆ ಒಳ್ಳೆಯದು ಅಂತ ನಮ್ಮ ದೊಡ್ಡಪ್ಪನೂ ಒಂದು ಡಬ್ಬಿ ತಂದಿದ್ದರು. ಮನೆ ತುಂಬ ಅರಿಶಿನ ಬೆಳೆಯುವವರು!

ಕರ್ಕುಮಿನ್ ಒಂದೇ ನುಂಗಿದರೆ ಮೈಗೆ ಹತ್ತುವುದು ಬಹಳ ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಂಡ ಒಂದು ಅಧ್ಯಯನ ಪ್ರಕಟಿಸಿತು. 2 ಗ್ರಾಂ ಕರ್ಕುಮಿನ್ ಒಂದನ್ನೇ ಕೊಟ್ಟಾಗ ರಕ್ತದಲ್ಲಿ ಅದು ಕಂಡೂ ಕಾಣದಷ್ಟು. ಜೊತೆಗೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕರಿಮೆಣಸಿನ ಖಾರದ ಅಂಶ, ಕೊಟ್ಟಾಗ ಸುಮಾರು 20 ಪಟ್ಟು ಹೆಚ್ಚು ಮೈಗೆ ಹತ್ತಿತು. ಅರಿಶಿನ, ಮೆಣಸು ಒಟ್ಟಿಗೆ ಹಾಕುವ ನಮ್ಮ ಸಾರಿನ ಪುಡಿ ನೆನಪಾಗುತ್ತದೆ ಅಲ್ಲವೇ?

ಆದರೆ ಅದಕ್ಕೆ ಇನ್ನೊಂದು ಮುಖವೂ ಇದೆ. ಅರಿಶಿನದ ಕ್ಯಾಪ್ಸೂಲ್ ತೆಗೆದುಕೊಂಡು ಲಿವರ್‌ಗೆ ಪೆಟ್ಟಾದ ಪ್ರಕರಣಗಳ ಬಗ್ಗೆ 2019ರಲ್ಲಿ ಇಟಲಿ ಸರ್ಕಾರ ಎಚ್ಚರಿಕೆ ಕೊಟ್ಟಿತು. 2022ರಲ್ಲಿ ಅಮೆರಿಕದ ವೈದ್ಯರು ಇಂಥ 10 ಪ್ರಕರಣಗಳ ವಿವರ ಪ್ರಕಟಿಸಿದರು, ಅವರಲ್ಲಿ ಒಬ್ಬರು ತೀರಿಕೊಂಡಿದ್ದರು. ಇದು ಅಡುಗೆಗೆ ಹಾಕುವ ಚಿಟಿಕೆ ಅರಿಶಿನದ ಮಾತಲ್ಲ, ಗಾಬರಿ ಬೇಡ. ಸಾರ ತೆಗೆದು, ಒತ್ತಿ, ದಿನಾ ನುಂಗುವ ಮಾತು. ಮನೆಯ ಹಿರಿಯರು ಇಂಥ ಡಬ್ಬಿ ತಂದಿದ್ದರೆ ಡಾಕ್ಟರ ಹತ್ತಿರ ಅದನ್ನು ಹೇಳಲಿ. "ಅರಿಶಿನ ತಾನೆ" ಅಂತ ಮುಚ್ಚಿಡುವುದು ಬೇಡ.

ಆಯಸ್ಕಾಂತ ನಿಜವಾಗಿ ಗೆದ್ದಿರುವ ಜಾಗ

ಹಾಗಾದರೆ ಈ ವಿದ್ಯೆ ಯಾತಕ್ಕೆ ಬಂತು?

1999ರಲ್ಲಿ ಚೆಕ್ ದೇಶದ ಇಬ್ಬರು ವಿಜ್ಞಾನಿಗಳು, ಮಿರ್ಕಾ ಸಫಾರಿಕೋವಾ ಮತ್ತು ಇವೊ ಸಫಾರಿಕ್, ಆಯಸ್ಕಾಂತದ ಕಣ ಬಳಸಿ ದ್ರವದೊಳಗಿನ ಅಂಶ ಹಿಡಿಯುವ ಈ ಕ್ರಮಕ್ಕೆ ಒಂದು ಹೆಸರು ಕೊಟ್ಟು ಪ್ರಕಟಿಸಿದರು. ಅಂದಿನಿಂದ ಅದು ಹೆಚ್ಚು ಬಳಕೆಯಾಗಿರುವುದು ಸಾರ ಮಾರುವುದಕ್ಕಲ್ಲ, ಪರೀಕ್ಷೆ ಮಾಡುವುದಕ್ಕೆ. ನೀರು, ಹಾಲು, ಹಣ್ಣಿನ ರಸದಂಥ ಹತ್ತಾರು ಅಂಶ ಬೆರೆತ ಪದಾರ್ಥದಿಂದ ಬೇಕಾದ ಒಂದೇ ಅಂಶವನ್ನು ಹಿಡಿದು ತಂದು ಯಂತ್ರದ ಮುಂದೆ ಇಡುವ ಕೆಲಸ.

ನೀವೂ ಇದರ ಉಪಯೋಗ ಪಡೆದಿರಬಹುದು. 2020ರಲ್ಲಿ ಕೋವಿಡ್ ಬಂದಾಗ ಮೂಗಿಗೆ ಕಡ್ಡಿ ಹಾಕಿ ತೆಗೆದುಕೊಂಡು ಹೋದ ಸ್ಯಾಂಪಲ್‌ನಿಂದ ವೈರಸ್ಸಿನ ಅಂಶ ಬೇರೆ ಮಾಡಲು ಅನೇಕ ಲ್ಯಾಬುಗಳು ಬಳಸಿದ್ದು ಇಂಥದ್ದೇ ಆಯಸ್ಕಾಂತದ ಮಣಿಗಳನ್ನು. ಒಂದು ಹನಿ ಸ್ಯಾಂಪಲ್, ಒಂದು ಚಿಟಿಕೆ ಮಣಿ, ಒಂದು ಆಯಸ್ಕಾಂತ. ಪ್ರಮಾಣ ಕಡಿಮೆ ಇದ್ದಾಗ ಈ ವಿದ್ಯೆ ಹುಲಿ.

ಈಗ ಅರಿಶಿನಕ್ಕೆ ಬನ್ನಿ. ಕರ್ಕುಮಿನ್ ಎಷ್ಟಿದೆ ಅಂತ ಅಳೆಯುವ ಸಾಮಾನ್ಯ ಕ್ರಮ ಸುಲಭದ್ದೇ. ಪುಡಿಯ ಸಾರ ತೆಗೆದ ದ್ರವದ ಮೂಲಕ 425 ನ್ಯಾನೋಮೀಟರಿನ ನೀಲಿ ಬೆಳಕು ಹಾಯಿಸುತ್ತಾರೆ. ಎಷ್ಟು ಬೆಳಕು ಹೀರಿಕೊಂಡಿತೋ ಅದರ ಮೇಲೆ ಕರ್ಕುಮಿನ್ ಲೆಕ್ಕ ಸಿಗುತ್ತದೆ. ಆ ಯಂತ್ರ ವಿಜ್ಞಾನ ಕಾಲೇಜುಗಳ ಲ್ಯಾಬುಗಳಲ್ಲೂ ಇರುತ್ತದೆ. ತೊಂದರೆ ಒಂದೇ. ಪುಡಿಗೆ ಮೆಟಾನಿಲ್ ಯೆಲ್ಲೋ ಅನ್ನುವ, ಆಹಾರದಲ್ಲಿ ನಿಷೇಧ ಇರುವ ಬಣ್ಣವನ್ನು ಯಾರಾದರೂ ಬೆರೆಸಿದರೆ ಬೆಳಕಿನ ಯಂತ್ರ ಅದನ್ನೂ ಹಳದಿ ಅಂತಲೇ ಲೆಕ್ಕಕ್ಕೆ ಹಿಡಿಯಬಹುದು. ಮೊದಲು ಕರ್ಕುಮಿನ್ ಒಂದನ್ನೇ ಹಿಡಿದು ಬೇರೆ ಮಾಡಿ ಆಮೇಲೆ ಅಳೆದರೆ ಆ ಮೋಸಕ್ಕೆ ಜಾಗ ಇರುವುದಿಲ್ಲ. ಹಿಡಿದು ಬೇರೆ ಮಾಡುವ ಆ ಹೆಜ್ಜೆಯಲ್ಲಿ ಆಯಸ್ಕಾಂತದ ಪುಡಿಗೆ ಕೆಲಸ ಇದೆ. ಬೇಕಾದ್ದು ಕೆಲವು ಮಿಲಿಗ್ರಾಂ ಮಾತ್ರ.

ನನ್ನ ಎಂಟು ಸಾಲಿನ ಸುದ್ದಿ ಇದನ್ನು ಹೇಳಬೇಕಿತ್ತು.

ಕೊಂಬು ಮುರಿದು ಕಟ್ಟುವ ಬೆಲೆ

ಡಿಪ್ಲೊಮಾ ಮುಗಿಸಿದ ವರ್ಷ ಅಪ್ಪನ ಜೊತೆ ಈರೋಡಿಗೆ ಹೋಗಿದ್ದೆ. ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲ ದಾಟಿ ಹೋಗುವ ದಾರಿ. ಲಾರಿಯಲ್ಲಿ ನಮ್ಮದೂ ನಮ್ಮ ಪಕ್ಕದ ಹೊಲದವರದ್ದೂ ಚೀಲ ಇದ್ದವು.

ಅರಿಶಿನ ಅಂದರೆ ಎಂಟೊಂಬತ್ತು ತಿಂಗಳ ಬೆಳೆ. ಅಗೆದು, ಬೇಯಿಸಿ, ಹತ್ತು ಹದಿನೈದು ದಿನ ಬಿಸಿಲಿಗೆ ಒಣಗಿಸಿ, ಪಾಲಿಶ್ ಮಾಡಿದಾಗ ಹಸಿ ಐದು ಕ್ವಿಂಟಾಲು ಒಣ ಒಂದು ಕ್ವಿಂಟಾಲಿನಷ್ಟಾಗುತ್ತದೆ. ಅಷ್ಟು ದಿನದ ಕೆಲಸಕ್ಕೆ ಬೆಲೆ ಕಟ್ಟಲು ಅಲ್ಲಿ ಹಿಡಿದದ್ದು ಅರ್ಧ ನಿಮಿಷ. ಖರೀದಿದಾರ ಒಂದು ಕೊಂಬು ಎತ್ತಿಕೊಂಡ, ಮುರಿದ, ಒಳಗಿನ ಬಣ್ಣ ನೋಡಿದ, ಮೂಸಿದ. "ಬಣ್ಣ ಕಮ್ಮಿ" ಅಂದ. ಪಕ್ಕದ ಹೊಲದವರ ರಾಶಿಗಿಂತ ನಮ್ಮದಕ್ಕೆ ಕಡಿಮೆ ಬಂತು. ಅಪ್ಪ ಏನೂ ಹೇಳಲಿಲ್ಲ. ಹೇಳುವುದಕ್ಕೆ ಅವರ ಕೈಯಲ್ಲಿ ಏನೂ ಇರಲಿಲ್ಲ.

ಆ ಖರೀದಿದಾರ ಸುಳ್ಳು ಹೇಳಿದ ಅಂತ ನಾನು ಹೇಳುತ್ತಿಲ್ಲ. ನಿಜ ಹೇಳಿರಬಹುದು. ನನ್ನ ಪ್ರಶ್ನೆ, ಅದು ನಿಜವೋ ಸುಳ್ಳೋ ತಿಳಿಯುವ ದಾರಿ ಅಪ್ಪನಿಗೆ ಯಾಕೆ ಇರಲಿಲ್ಲ?

ಲೆಕ್ಕ ನೋಡಿ. ನೂರು ಕ್ವಿಂಟಾಲಿನ ಒಂದು ಲಾರಿಯಲ್ಲಿ ನೂರಕ್ಕೆ 3 ಇದ್ದರೆ 300 ಕೆಜಿ ಕರ್ಕುಮಿನ್. ಅಷ್ಟೇ ತೂಕದ ಇನ್ನೊಂದು ಲಾರಿಯಲ್ಲಿ ನೂರಕ್ಕೆ 5 ಇದ್ದರೆ 500 ಕೆಜಿ. ಸಾರ ತೆಗೆಯುವ ಕಂಪನಿ ಸರಕು ಕೊಳ್ಳುವ ಮುಂಚೆ ಇದನ್ನು ಅಳೆಸಿಯೇ ಕೊಳ್ಳುತ್ತದೆ. ಬೆಳೆದವನು ಮಾತ್ರ ಅಳೆಯದೆ ಮಾರುತ್ತಾನೆ. ಒಬ್ಬನ ಕೈಯಲ್ಲಿ ತಕ್ಕಡಿ, ಇನ್ನೊಬ್ಬನ ಕಣ್ಣಿಗೆ ಬಟ್ಟೆ. ಇದಕ್ಕೆ ವ್ಯಾಪಾರ ಅನ್ನುತ್ತೇವೆ.

ನಮ್ಮ ಊರಲ್ಲೇ ಬೆಳಿಗ್ಗೆ ಡೇರಿಗೆ ಹೋಗಿ ನೋಡಿ. ಒಂದು ಹಸು ಕಟ್ಟಿಕೊಂಡ ಅಕ್ಕನೂ ಎರಡು ಲೀಟರ್ ಹಾಲು ತಂದು ಹಾಕಿ, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ನೋಡಿಕೊಂಡು ಹೋಗುತ್ತಾರೆ. 3.5 ಫ್ಯಾಟು, 8.5 ಎಸ್‌ಎನ್‌ಎಫ್ ಅನ್ನುವುದು ಅವರಿಗೆ ಬಾಯಿಪಾಠ. ಕಡಿಮೆ ಬಂದರೆ ಕಾರ್ಯದರ್ಶಿಯನ್ನು ನಿಲ್ಲಿಸಿ ಕೇಳುತ್ತಾರೆ. ಹಿಂಡಿ ಬದಲಾಯಿಸುತ್ತಾರೆ, ಮೇವು ಬದಲಾಯಿಸುತ್ತಾರೆ. ಹಾಲಿನೊಳಗೆ ಏನಿದೆ ಅಂತ ಗೊತ್ತಿರುವುದರಿಂದ ಬಂದ ಧೈರ್ಯ ಅದು. ಆ ಯಂತ್ರವೇನೂ ದೊಡ್ಡ ಫ್ಯಾಕ್ಟರಿ ಅಲ್ಲ. ಒಂದು ಮೇಜಿನ ಮೇಲೆ ಕೂರುತ್ತದೆ.

ಎರಡು ಲೀಟರ್ ಹಾಲಿಗೆ ಇರುವ ಈ ಮರ್ಯಾದೆ ಹತ್ತು ಕ್ವಿಂಟಾಲ್ ಅರಿಶಿನಕ್ಕೆ ಇಲ್ಲ.

ಪೇಟೆಂಟ್ ಗೆದ್ದೆವು, ಆಮೇಲೆ?

1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ, ಗಾಯಕ್ಕೆ ಅರಿಶಿನ ಹಚ್ಚುವುದರ ಮೇಲೆ ಪೇಟೆಂಟ್ ಸಿಕ್ಕಿತ್ತು. ನಮ್ಮ ಸಿಎಸ್ಐಆರ್ ಹಳೆಯ ಗ್ರಂಥ, ಲೇಖನಗಳ ಸಾಕ್ಷಿ ಹಿಡಿದು ಹೋರಾಡಿತು. 1997ರಲ್ಲಿ ಅದು ರದ್ದಾಯಿತು. ಆ ಗೆಲುವಿನ ಬಗ್ಗೆ ನನಗೂ ಹೆಮ್ಮೆ ಇದೆ, ಡಿಪ್ಲೊಮಾ ತರಗತಿಯಲ್ಲಿ ಅದರ ಮೇಲೆ ಪ್ರಬಂಧ ಬರೆದಿದ್ದೆ.

ಆದರೆ ಅರಿಶಿನ ನಮ್ಮದು ಅಂತ ಅಮೆರಿಕದಲ್ಲಿ ಸಾಬೀತು ಮಾಡಿದ ದೇಶದಲ್ಲಿ, ಅರಿಶಿನದೊಳಗೆ ಏನಿದೆ ಅಂತ ಅದನ್ನು ಬೆಳೆದವನಿಗೆ ಇವತ್ತಿಗೂ ಗೊತ್ತಿಲ್ಲ. ಜಗತ್ತಿನ ಅರಿಶಿನದಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಬೆಳೆಯುವವರು ನಾವು. 2025ರ ಜನವರಿಯಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ ರಾಷ್ಟ್ರೀಯ ಅರಿಶಿನ ಮಂಡಳಿಯೂ ಶುರುವಾಗಿದೆ. ಆ ಮಂಡಳಿಯಿಂದ ರೈತ ಮೊದಲು ಕೇಳಬೇಕಾದದ್ದು ಭಾಷಣವೂ ಅಲ್ಲ, ನ್ಯಾನೋ ಯಂತ್ರವೂ ಅಲ್ಲ. ಅರಿಶಿನ ವಹಿವಾಟು ನಡೆಯುವ ಪ್ರತಿ ಎಪಿಎಂಸಿಯಲ್ಲಿ ಕರ್ಕುಮಿನ್ ಅಳೆಯುವ ಒಂದು ಮೇಜು.

ಅಳತೆ ಬಂದರೆ ಕಡಿತವೂ ಬರುತ್ತದಲ್ಲ?

ಈ ಮಾತನ್ನು ನಮ್ಮ ಚಿಕ್ಕಪ್ಪನಿಗೆ ಹೇಳಿದಾಗ ಅವರು ನಕ್ಕರು. "ಅಳೆಯೋಕೆ ಶುರು ಮಾಡುದ್ರೆ ಕಮ್ಮಿ ಅಂತ ಹೇಳೋಕೆ ಒಂದು ಮಿಷನ್ ಸಿಕ್ದಂಗಾಯ್ತದೆ ಅಷ್ಟೆ ಕಣಪ್ಪ. ಕಬ್ಬಿನ ಕತೆ ಗೊತ್ತಿಲ್ವಾ?"

ಗೊತ್ತಿದೆ. ಅವರ ಮಾತಿನಲ್ಲಿ ತೂಕ ಇದೆ. ಕಬ್ಬಿನ ಎಫ್ಆರ್‌ಪಿ ಸಕ್ಕರೆ ಇಳುವರಿಗೆ ತಳಕು ಹಾಕಿಕೊಂಡಿದೆ. 2024-25ರ ಹಂಗಾಮಿಗೆ ನೂರಕ್ಕೆ 10.25 ರಿಕವರಿಗೆ ಕ್ವಿಂಟಾಲಿಗೆ 340 ರೂಪಾಯಿ ಅಂತ ಕೇಂದ್ರ ನಿಗದಿ ಮಾಡಿತ್ತು, ಅದಕ್ಕಿಂತ ಹೆಚ್ಚು ಬಂದರೆ ಹೆಚ್ಚು. ಆದರೆ ಆ ರಿಕವರಿ ಅಳೆಯುವುದು ಫ್ಯಾಕ್ಟರಿ, ಅದೂ ಒಟ್ಟು ಕಬ್ಬಿಗೆ. ನಿಮ್ಮ ಗಾಡಿಯ ಕಬ್ಬಿನಲ್ಲಿ ಎಷ್ಟಿತ್ತು ಅಂತ ನಿಮಗೆ ತಿಳಿಯುವುದಿಲ್ಲ. ಕೊಳ್ಳುವವನ ಕೈಯಲ್ಲೇ ಮೀಟರ್ ಇದ್ದರೆ ಜಗಳ ತಪ್ಪಿದ್ದಲ್ಲ.

ಹಾಗಾಗಿ ನನ್ನ ಮಾತು ಬರೀ ಅಳೆಯಿರಿ ಅಂತಲ್ಲ. ಮೀಟರ್ ಯಾರ ಕೈಯಲ್ಲಿ ಇರಬೇಕು ಅನ್ನುವುದೇ ಮುಖ್ಯ. ಹಾಲಿನ ಡೇರಿ ನಡೆದದ್ದು ಅದು ಹಾಲು ಹಾಕುವವರದ್ದೇ ಸಂಘ ಆಗಿದ್ದರಿಂದ.

ಇನ್ನೂ ಎರಡು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಅಡುಗೆ ಪುಡಿಗೆ ಕೊಳ್ಳುವ ವ್ಯಾಪಾರಿಗೆ ಕರ್ಕುಮಿನ್ ಅಷ್ಟು ಮುಖ್ಯ ಅಲ್ಲ, ಕೊಂಬಿನ ಗಾತ್ರ, ಹೊಳಪು ಸಾಕು. ಸಾರ ತೆಗೆಯುವವರು ಮಾತ್ರ ಅದಕ್ಕೆ ಬೆಲೆ ಕೊಡುತ್ತಾರೆ. ಮತ್ತೆ, ಅಳತೆ ಬಂದಾಗ ಎಲ್ಲರಿಗೂ ಲಾಭ ಆಗುವುದಿಲ್ಲ. ಅಂಶ ಕಡಿಮೆ ಇರುವ ತಳಿ ಹಾಕಿದವರಿಗೆ ಮೊದಲ ವರ್ಷ ಬೇಸರ ಆಗಬಹುದು. ಆದರೆ ಯಾವ ತಳಿ, ಯಾವ ಹೊಲ, ಯಾವಾಗ ಅಗೆದರೆ, ಎಷ್ಟು ಬೇಯಿಸಿದರೆ ಎಷ್ಟು ಬರುತ್ತದೆ ಅಂತ ತಿಳಿಯುವುದೂ ಆವತ್ತಿನಿಂದಲೇ. ಈಗ ಕತ್ತಲಲ್ಲಿ ಇದ್ದೇವೆ.

ಈ ಹಂಗಾಮಿಗೇ ಮಾಡಬಹುದಾದದ್ದು

ಸರ್ಕಾರಕ್ಕೆ ಕಾಯದೆ ಮಾಡಬಹುದಾದ ಕೆಲಸ ಇದೆ. ಪಾಲಿಶ್ ಆದ ಮೇಲೆ ಹತ್ತು ಚೀಲಕ್ಕೆ ಒಂದೊಂದು ಹಿಡಿ ತೆಗೆದು ಎಲ್ಲವನ್ನೂ ಬೆರೆಸಿ. ಅದರಲ್ಲಿ ಎರಡು ಪೊಟ್ಟಣ ಕಟ್ಟಿ ದಿನಾಂಕ ಬರೆದು ಸೀಲ್ ಮಾಡಿ. ಬಿಸಿಲು ಬೀಳದ ಕಡೆ ಇಡಿ. ಒಂದನ್ನು ಮಾನ್ಯತೆ ಇರುವ ಲ್ಯಾಬಿಗೆ ಕಳಿಸಿ, ಇನ್ನೊಂದು ನಿಮ್ಮ ಹತ್ತಿರವೇ ಇರಲಿ. ಒಬ್ಬರಿಗೆ ಭಾರ ಆದರೆ ಒಂದೇ ತಳಿ ಹಾಕಿದ ಹತ್ತು ಮನೆ ಸೇರಿ ಒಂದು ಸ್ಯಾಂಪಲ್ ಕಳಿಸಿ. ರೈತ ಉತ್ಪಾದಕ ಕಂಪನಿಗಳು ಮೊದಲು ಮಾಡಬೇಕಾದ ಕೆಲಸ ಇದು. ವರದಿ ಕೈಯಲ್ಲಿ ಇದ್ದರೆ "ಬಣ್ಣ ಕಮ್ಮಿ" ಅನ್ನುವವನಿಗೆ ಕಾಗದ ತೋರಿಸಬಹುದು.

ಮೈಸೂರಿನ ಸಿಎಫ್‌ಟಿಆರ್‌ಐ 1950ರಿಂದ ಆಹಾರದ ಸಂಶೋಧನೆಯನ್ನೇ ಮಾಡಿಕೊಂಡು ಬಂದಿರುವ ಸಂಸ್ಥೆ. ಗುಂಡ್ಲುಪೇಟೆಯಿಂದ ಸುಮಾರು 60 ಕಿಲೋಮೀಟರ್. ಮಂಡಿಯ ಮೇಜಿನ ಮೇಲೆ ಇಡುವಂಥ, ಬಣ್ಣ ಬೆರೆಸಿದರೂ ಮೋಸ ಹೋಗದ, ಕಡಿಮೆ ಖರ್ಚಿನ ಒಂದು ಅಳತೆ ಸಾಧನ ಮಾಡಿಕೊಡಿ ಅಂತ ನಮ್ಮ ಶಾಸಕರು, ಸಂಸದರು ಅಲ್ಲಿಗೆ ಹೋಗಿ ಕೇಳಲಿ. ನ್ಯಾನೋ ಆಯಸ್ಕಾಂತ ಅಲ್ಲಿ ಬಳಕೆಯಾಗಲಿ. ಆವಾಗ ನಾನು ಧೈರ್ಯವಾಗಿ "ವರದಾನ" ಅಂತ ಬರೆಯುತ್ತೇನೆ.

ಇನ್ನು ಯಾರಾದರೂ ಸಾರ ತೆಗೆಯುವ ಮಿಷನ್ ಮಾರಲು ಬಂದರೆ ಮೂರೇ ಪ್ರಶ್ನೆ ಕೇಳಿ. ದಿನಕ್ಕೆ ಎಷ್ಟು ಕೆಜಿ ಅರಿಶಿನ ತಿನ್ನುತ್ತದೆ, ನಾವು ಹೋಗಿ ನೋಡುವಂತೆ ಈಗ ಎಲ್ಲಿ ಓಡುತ್ತಿದೆ? ಅದಕ್ಕೆ ಬಳಸುವ ದ್ರವ ಯಾವುದು, ಬೆಂಕಿಯ ಮತ್ತು ಆಹಾರದ ಲೈಸೆನ್ಸ್ ಯಾರ ಹೆಸರಲ್ಲಿ? ಬಂದ ಸಾರವನ್ನು ಕೊಳ್ಳುತ್ತೇನೆ ಅಂತ ಬರೆದುಕೊಡುವವರು ಯಾರು? ಮೂರಕ್ಕೂ ಉತ್ತರ ಬರುವ ತನಕ ಒಂದು ರೂಪಾಯಿಯನ್ನೂ ಕೊಡಬೇಡಿ. ಪೇಪರ್ ಕಟಿಂಗ್ ಉತ್ತರ ಅಲ್ಲ. ನಾನು ಬರೆದದ್ದಾದರೂ ಅಲ್ಲ.

ಆ ಬೆಳೆಗಾರರಿಗೆ ಅವತ್ತು ಸಂಜೆಯೇ ವಾಪಸ್ ಫೋನ್ ಮಾಡಿ ಇಷ್ಟನ್ನೂ ಹೇಳಿದೆ.

"ಅಂದ್ರೆ ದುಡ್ಡು ಕೊಡಬ್ಯಾಡಿ ಅಂತೀರಾ?"

"ಕೊಡಬೇಡಿ."

"ಮತ್ತೆ ವರದಾನ ಅಂತ ಬರ್ದಿದ್ರಲ್ಲ?"

"ತಪ್ಪಾಯ್ತು" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಆಯ್ತು ಬುಡಿ. ಆ ಅಳೆಯೋ ಮಿಷನ್ನು ಅಂದ್ರಲ್ಲ, ಅದು ಎಷ್ಟಾಯ್ತದೆ?"

ಅದನ್ನು ವಿಚಾರಿಸುತ್ತಿದ್ದೇನೆ. ಈ ಸಲ ನಾನೇ ಲ್ಯಾಬಿಗೆ ಹೋಗಿ, ನಮ್ಮ ಮನೆಯ ಅರಿಶಿನವನ್ನೇ ಅಳೆಸಿ, ಖರ್ಚಿನ ಸಮೇತ ಬರೆಯುತ್ತೇನೆ.